ಅಪ್ಪನ ಜೊತೆ ಜೋಹಾನ್ಸ್‌ಬರ್ಗ್‌ನ ಗಣಿಯೊಳಗೆ: ಗೋಲ್ಡ್ ರೀಫ್ ಸಿಟಿ ಟೂರ್ ಹೇಗಿದೆ?

ಅಪ್ಪ 1973ರಲ್ಲಿ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಗೆ ಟಿಂಬರ್‌ಮನ್ ಆಗಿ, ಅಂದರೆ ಒಳಗೆ ಮರದ ಆಸರೆ ಕೊಡುವ ಕೆಲಸಕ್ಕೆ ಸೇರಿದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವವರೆಗೂ ಅಲ್ಲೇ ಇದ್ದರು. ಈಗ ನಾನು ಕೆಲಸಕ್ಕಾಗಿ ಜೋಹಾನ್ಸ್‌ಬರ್ಗ್‌ನಲ್ಲಿದ್ದೇನೆ. ಅಪ್ಪ ಮೊದಲ ಸಲ ಬಂದಾಗ ಸಿಂಹ ತೋರಿಸ್ತೀನಿ ಅಂದೆ. "ಸಿಂಹ ಆಮೇಲೆ. ಮೊದಲು ಮೈನ್ಸ್ ತೋರಿಸು" ಅಂದರು.

ಹಾಗಾಗಿ ಗೋಲ್ಡ್ ರೀಫ್ ಸಿಟಿಗೆ ಹೋದೆವು. ಊರಿನ ದಕ್ಷಿಣಕ್ಕಿದೆ. ಹೊರಗಿನಿಂದ ನೋಡಿದರೆ ಮಕ್ಕಳ ಆಟದ ಪಾರ್ಕು. ಆದರೆ ಅದು ನಿಂತಿರುವುದು ಕ್ರೌನ್ ಮೈನ್ಸ್ ಅನ್ನೋ ಹಳೆಯ ಚಿನ್ನದ ಗಣಿಯ 14ನೇ ಶಾಫ್ಟ್ (ಕೆಳಗಿಳಿಯುವ ಬಾವಿಯಂಥ ದಾರಿ) ಮೇಲೆ. ಆ ಶಾಫ್ಟ್‌ನಲ್ಲೇ ನಮ್ಮನ್ನು ಕೆಳಗೆ ಇಳಿಸುತ್ತಾರೆ. ನಾನು ಒಬ್ಬ ಏಜೆಂಟ್ ಮೂಲಕ ಬುಕ್ ಮಾಡಿದ್ದೆ. ಅವನು ಟೂರ್ ಸಮಯವನ್ನೇ ತಪ್ಪು ಹೇಳಿದ್ದ, ಒಂದೂವರೆ ಗಂಟೆ ಬಿಸಿಲಲ್ಲಿ ಕಾದೆವು. ನೀವು ನೇರವಾಗಿ ಬುಕ್ ಮಾಡಿ.

ಹೆಲ್ಮೆಟ್, ಲೈಟ್ ಅವರೇ ಕೊಡುತ್ತಾರೆ. ಅಪ್ಪ ಹೆಲ್ಮೆಟ್ ತಗೊಂಡು, ಒಳಗಿನ ಪಟ್ಟಿ ತಿರುವಿ ನೋಡಿ, ತಲೆಗೆ ಸರಿಮಾಡಿ ಹಾಕಿಕೊಂಡ ರೀತಿ ನೋಡಿಯೇ ಗೈಡ್ ಕೇಳಿದ, "ಅಂಕಲ್ ಗಣಿಯವರಾ?" ಅಂತ. ಅವನೂ ಹಿಂದೆ ಗಣಿಯಲ್ಲಿ ದುಡಿದವನೇ. ಅಲ್ಲಿಂದ ಮುಂದೆ ನಮ್ಮ ಟೂರೇ ಬೇರೆಯಾಯಿತು.

ಕೇಜ್, ಅಂದರೆ ಗಣಿಯ ಲಿಫ್ಟು, ಸುಮಾರು 75 ಮೀಟರ್ ಇಳಿಯುತ್ತದೆ. ಕೆಳಗೆ ನೀರು ತೊಟ್ಟಿಕ್ಕುತ್ತದೆ, ನೆಲ ಜಾರುತ್ತದೆ. ಹಳಿ, ಡ್ರಿಲ್ಲಿಂಗ್ ಮಷೀನು, ಮರದ ಆಸರೆಗಳನ್ನು ಒಂದೊಂದಾಗಿ ತೋರಿಸುತ್ತಾರೆ. ಅಪ್ಪ ಎಲ್ಲವನ್ನೂ ಬಿಟ್ಟು ಆಸರೆಗಳ ಹತ್ತಿರ ನಿಂತುಬಿಟ್ಟರು. ಮರದ ತುಂಡುಗಳನ್ನು ಅಡ್ಡಡ್ಡ ಪೇರಿಸಿದ್ದನ್ನು ಕೈಯಿಂದ ತಟ್ಟಿ ನೋಡಿದರು. ಅವರ 28 ವರ್ಷದ ಕೆಲಸ ಅದೇ ಅಲ್ವಾ.

ಆಮೇಲೆ ಅದಿರು ತೆಗೆದ ಜಾಗ ತೋರಿಸಿದರು. ಒಂದು ಸೀಳಿನ ಹಾಗಿದೆ. ಎದ್ದು ನಿಲ್ಲಲು ಆಗುವುದಿಲ್ಲ. ಇಲ್ಲಿನ ಚಿನ್ನ ಬೆಣಚುಕಲ್ಲಿನ ಉಂಡೆಗಳು ಸೇರಿದ ತೆಳ್ಳನೆ ಪದರದಲ್ಲಿರುತ್ತದೆ. ಆ ಪದರ ಓರೆಯಾಗಿ ಮೈಲಿಗಟ್ಟಲೆ ಹಬ್ಬಿದೆ. ಅದಕ್ಕೇ ಇಲ್ಲಿನ ಜನ ಕೂತು, ಮಲಗಿ ಡ್ರಿಲ್ ಹಿಡಿಯಬೇಕಿತ್ತು. ಕೋಲಾರದಲ್ಲಿ ರೀಫ್, ಅಂದರೆ ಚಿನ್ನವಿರುವ ಪದರ, ಹೆಚ್ಚುಕಡಿಮೆ ನೆಟ್ಟಗೆ ಕೆಳಕ್ಕೆ ಹೋಗುತ್ತದೆ. ಅಪ್ಪ ಇದನ್ನು ಒಂದೇ ಮಾತಲ್ಲಿ ಹೇಳಿದರು: "ನಮ್ಮಲ್ಲಿ ಚಿನ್ನ ನಿಂತಿತ್ತು ಕಣೋ, ಇಲ್ಲಿ ಮಲಗಿದೆ." ನಾನು ಇಂಗ್ಲಿಷ್‌ನಲ್ಲಿ ಹೇಳಿದೆ. ಗೈಡ್ ಅದನ್ನೇ ಗುಂಪಿನವರಿಗೆಲ್ಲ ಮತ್ತೊಮ್ಮೆ ಹೇಳಿದ.

ಒಂದು ಡ್ರಿಲ್ ಸ್ವಲ್ಪ ಹೊತ್ತು ಓಡಿಸುತ್ತಾರೆ. ಎದೆಯೊಳಗೆ ಗುದ್ದಿದ ಹಾಗಾಗುತ್ತದೆ. ಅಪ್ಪನಿಗೆ ಎಡಗಿವಿ ಯಾಕೆ ಸರಿಯಾಗಿ ಕೇಳಿಸಲ್ಲ ಅಂತ ನನಗೆ ಆವತ್ತು ಅರ್ಥವಾಯಿತು.

ಆದರೆ ಒಂದು ವಿಷಯ ನೆನಪಿರಲಿ. 75 ಮೀಟರ್ ಇಳಿದರೆ ಆಳದ ಗಣಿ ಹೇಗಿರುತ್ತದೆ ಅಂತ ಗೊತ್ತಾಗುವುದಿಲ್ಲ. ಅಪ್ಪ ಗೋಡೆಗೆ ಅಂಗೈ ಇಟ್ಟು "ತಣ್ಣಗಿದೆ" ಅಂದರು. ಚಾಂಪಿಯನ್ ರೀಫ್ 3 ಕಿಲೋಮೀಟರ್‌ಗೂ ಜಾಸ್ತಿ ಆಳ. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಮೇಲಿನಿಂದ ತಣ್ಣನೆ ಗಾಳಿ ಕಳಿಸಿದರೂ ಬೆವರು ನಿಲ್ಲುತ್ತಿರಲಿಲ್ಲ. ಒತ್ತಡಕ್ಕೆ ಬಂಡೆ ಇದ್ದಕ್ಕಿದ್ದ ಹಾಗೆ ಸಿಡಿಯುತ್ತಿತ್ತು. ಆ ಶಬ್ದ ಬಂದ ದಿನ ಕಾರ್ಮಿಕರ ಲೈನ್ ಮನೆಗಳ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ನನಗೂ ನೆನಪಿದೆ.

ಈಗಿನ ಆಳದ ಗಣಿ ಬಗ್ಗೆ ತಿಳಿಯಬೇಕಾದರೆ ಗೈಡ್ ಹತ್ತಿರ ಎಂಪೊನೆಂಗ್ ಬಗ್ಗೆ ಕೇಳಿ. ಜೋಹಾನ್ಸ್‌ಬರ್ಗ್‌ನ ಪಶ್ಚಿಮಕ್ಕೆ, ಕಾರ್ಲ್‌ಟನ್‌ವಿಲ್ ಹತ್ತಿರದ ಗಣಿ ಅದು. ಪ್ರಪಂಚದಲ್ಲೇ ಅತಿ ಆಳದ್ದು, 4 ಕಿಲೋಮೀಟರ್ ಹತ್ತಿರ. ಹೆಸರಿನ ಅರ್ಥ ಸೆಸೊಥೊ ಭಾಷೆಯಲ್ಲಿ "ನನ್ನ ನೋಡು" ಅಂತ. ಅಲ್ಲಿ ಮಂಜುಗಡ್ಡೆಯನ್ನು ನೀರಿನ ಜೊತೆ ಕಲಸಿ ಪೈಪಿನಲ್ಲಿ ಕೆಳಗೆ ಬಿಟ್ಟು ಗಾಳಿ ತಂಪು ಮಾಡುತ್ತಾರೆ. 2020ರಲ್ಲಿ ಹಾರ್ಮನಿ ಕಂಪನಿ ಅದನ್ನು ಕೊಂಡಿತು. 2024ರಲ್ಲಿ ಗಣಿಯನ್ನು ಇನ್ನಷ್ಟು ವಿಸ್ತರಿಸಿ, ಆಯಸ್ಸನ್ನು ಸುಮಾರು 20 ವರ್ಷಕ್ಕೆ ಹೆಚ್ಚಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು.

ಇದನ್ನು ಕೇಳಿ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ನಮ್ಮಲ್ಲಿ ಖರ್ಚು ಜಾಸ್ತಿ, ಚಿನ್ನದ ಬೆಲೆ ಕಡಿಮೆ ಅಂತ ಮುಚ್ಚಿದ್ದು. ಆಗಿನ ಬೆಲೆ ಎಲ್ಲಿ, ಈಗಿನ ಬೆಲೆ ಎಲ್ಲಿ. "ಇವರು ಇನ್ನೂ ಇಳೀತಿದ್ದಾರೆ" ಅಂದರು, ಅಷ್ಟೇ. ಅದರಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ಇಳಿಯುವ ಹುಡುಗರ ಬಗ್ಗೆ ಕಾಳಜಿ ಇತ್ತು. ಅಲ್ಲಿ ಆಸರೆ ಹೇಗೆ ಕೊಡ್ತಾರೆ, ಬಂಡೆ ಸಿಡಿಯೋದು ಮೊದಲೇ ಗೊತ್ತಾಗುತ್ತಾ ಅಂತ ಗೈಡ್‌ನ ಕೇಳುತ್ತಲೇ ಇದ್ದರು. ಅವನೂ ಬೇಸರಪಡದೆ ಉತ್ತರ ಕೊಟ್ಟ.

ಮೇಲೆ ಬಂದ ಮೇಲೆ ಚಿನ್ನ ಕರಗಿಸಿ ಅಚ್ಚಿಗೆ ಸುರಿಯುವುದನ್ನು ತೋರಿಸುತ್ತಾರೆ. ಮಕ್ಕಳಿಗೆ ಇದೇ ತುಂಬಾ ಇಷ್ಟವಾಗುತ್ತದೆ. ಗಣಿಯಲ್ಲಿ ಅಷ್ಟು ವರ್ಷ ಇದ್ದರೂ ಅಪ್ಪ ಕರಗಿದ ಚಿನ್ನ ನೋಡಿದ್ದು ಅದೇ ಮೊದಲು.

ಮುಚ್ಚಿದ ಶೂ ಹಾಕಿಕೊಂಡು ಹೋಗಿ. ಮಂಡಿ ನೋವಿರುವವರಿಗೆ ಕೆಳಗೆ ನಡೆಯುವುದು ಸ್ವಲ್ಪ ಕಷ್ಟ. ಬೆಳಗಿನ ಟೂರ್‌ನಲ್ಲಿ ಜನ ಕಡಿಮೆ, ಗೈಡ್‌ಗೆ ಮಾತಾಡಲು ಸಮಯ ಇರುತ್ತದೆ. ನನ್ನ ಕಡೆಯಿಂದ ಐದಕ್ಕೆ ಐದು.

ಮಾರ್ಚ್‌ನಲ್ಲಿ ಅಮ್ಮ ಬರುತ್ತಾರೆ. ಅವರನ್ನೂ ಇಳಿಸಬೇಕು ಅಂತ ಅಪ್ಪ ಹಟ ಹಿಡಿದಿದ್ದಾರೆ. "ಅಷ್ಟು ವರ್ಷ ಬುತ್ತಿ ಕಟ್ಟಿದಳು. ಅದನ್ನ ನಾನು ಎಂಥಾ ಜಾಗದಲ್ಲಿ ಕೂತು ತಿಂತಿದ್ದೆ ಅಂತ ಅವಳು ನೋಡೇ ಇಲ್ಲ" ಅಂದರು. ಬೆಳಗಿನ ಟೂರ್‌ಗೆ ಮೂರು ಟಿಕೆಟ್ ತೆಗೆದಿಟ್ಟಿದ್ದೇನೆ.