ಕಾವಲಿನ ಹುಲ್ಲು ಅಳೆಯಲು ಕೋಪರ್ನಿಕಸ್ ಬ್ರೌಸರ್: ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು

ಕುರಿ, ದನ ಮೇಯುವ ಜಾಗ ನೂರಾರು ಎಕರೆ ಇದ್ದರೆ ಯಾವ ಮೂಲೆ ಚಿಗುರಿದೆ, ಯಾವುದು ಬೋಳಾಗುತ್ತಿದೆ ಎಂದು ನಡೆದು ನೋಡುವಷ್ಟರಲ್ಲಿ ವಾರ ಕಳೆಯುತ್ತದೆ. ಇದಕ್ಕೆಂದು ಡ್ರೋನ್ ಬಾಡಿಗೆಗೆ ತರುವ ಮುಂಚೆ ಕೋಪರ್ನಿಕಸ್ ಬ್ರೌಸರ್ ನೋಡಿ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳನ್ನು ಪುಕ್ಕಟೆಯಾಗಿ ತೋರಿಸುವ ಜಾಲತಾಣ ಇದು. ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರು ಸೀಮೆಯ ಅಮೃತಮಹಲ್ ಕಾವಲುಗಳಂಥ ಬಯಲಿಗೆ ಚೆನ್ನಾಗಿ ಒಗ್ಗುತ್ತದೆ. ಹುಲ್ಲು ಎಲ್ಲಿದೆ, ಯಾವಾಗ ಬಂತು ಎಂಬುದನ್ನು ಸರಿಯಾಗಿ ಹೇಳುತ್ತದೆ. ಎಷ್ಟಿದೆ ಎಂದು ತಿಳಿಯಬೇಕಾದರೆ ಮಾತ್ರ ಕುಡುಗೋಲು, ತಕ್ಕಡಿ ಬೇಕೇ ಬೇಕು.

ಚಿತ್ರದ ಒಂದು ಚುಕ್ಕಿ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ಗುಂಟೆ ಅಂದರೆ 101 ಚದರ ಮೀಟರ್. ಹಾಗಾಗಿ ಚುಕ್ಕಿಗೊಂದು ಗುಂಟೆ, ಎಕರೆಗೆ 40 ಚುಕ್ಕಿ. ನಮ್ಮ ಪಹಣಿ ನೋಡಿಯೇ ಮಾಡಿಸಿದಂತಿದೆ! ಐದು ದಿನಕ್ಕೊಮ್ಮೆ, ಬೆಳಿಗ್ಗೆ ಹನ್ನೊಂದರ ಆಸುಪಾಸಿನಲ್ಲಿ ಹೊಸ ಚಿತ್ರ ಸಿಗುತ್ತದೆ. ಹಳೆಯ ವರ್ಷಗಳ ಚಿತ್ರಗಳೂ ಇರುವುದರಿಂದ ಈ ಸಲದ ಹುಬ್ಬೆ ಮಳೆಗೆ ಬಂದ ಹಸಿರನ್ನು ಹಿಂದಿನ ವರ್ಷಗಳ ಜೊತೆ ಹೋಲಿಸಬಹುದು.

ಬಳಸುವುದು ಹೀಗೆ. ಇ-ಮೇಲ್ ಕೊಟ್ಟು ಖಾತೆ ತೆರೆಯಿರಿ. ಸರ್ವೆ ನಂಬರಿನ ಎಲ್ಲೆಯನ್ನು ದಿಶಾಂಕ್ ಆ್ಯಪ್‌ನಲ್ಲಿ ನೋಡಿಕೊಂಡು ಗೂಗಲ್ ಅರ್ಥ್‌ನಲ್ಲಿ ಗೆರೆ ಎಳೆದು ಕೆಎಂಎಲ್ ಫೈಲ್ ಮಾಡಿ, ಇಲ್ಲಿಗೆ ಹಾಕಿ. ಗೆರೆಯನ್ನು ಎಲ್ಲೆಯಿಂದ ಹತ್ತಿಪ್ಪತ್ತು ಮೀಟರ್ ಒಳಗೇ ಎಳೆಯಿರಿ, ಇಲ್ಲವಾದರೆ ಪಕ್ಕದ ತೋಟದ ಹಸಿರು ನಿಮ್ಮ ಸರಾಸರಿಯನ್ನು ಏರಿಸುತ್ತದೆ. ಸೆಂಟಿನೆಲ್-2ರಲ್ಲಿ ಎಲ್2ಎ ಆರಿಸಿ. ಎಲ್1ಸಿಯಲ್ಲಿ ಗಾಳಿಯ ಮಬ್ಬನ್ನು ಕಳೆದಿರುವುದಿಲ್ಲ. ಆಮೇಲೆ ಎನ್‌ಡಿವಿಐ ಪದರ, ಅಂದರೆ ಹಸಿರು ಎಷ್ಟಿದೆ ಎಂದು ತೋರಿಸುವ ಸೂಚ್ಯಂಕ. ಅದರ ಲೆಕ್ಕ (ಬಿ8 − ಬಿ4) ÷ (ಬಿ8 + ಬಿ4). ಬಿ8 ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಪಟ್ಟಿ, ಬಿ4 ಕೆಂಪು ಬೆಳಕಿನದು. ಬೋಳು ನೆಲ 0.1ರಿಂದ 0.2ರ ಸುಮಾರು ಬರುತ್ತದೆ, ಒಳ್ಳೆಯ ಹಸಿ ಹುಲ್ಲು 0.4 ದಾಟುತ್ತದೆ.

ಹೊಸಬರು ಮೊದಲು ಎಡವುವುದು ಹೆಚ್ಚು ಮೋಡವಿರುವ ಚಿತ್ರಗಳನ್ನು ಸೋಸಿ ತೆಗೆಯುವ ಪಟ್ಟಿಯಲ್ಲಿ. ಅಲ್ಲಿ ಕಾಣುವ ಶೇಕಡಾವಾರು ನಿಮ್ಮ ಕಾವಲಿನದ್ದಲ್ಲ, ಸುಮಾರು 110 ಕಿಲೋಮೀಟರ್ ಉದ್ದಗಲದ ಇಡೀ ಚಿತ್ರದ್ದು. ಶೇ. 20ಕ್ಕೆ ಇಳಿಸಿಟ್ಟರೆ, ನಿಮ್ಮ ತಲೆ ಮೇಲೆ ಬಿಸಿಲಿದ್ದ ದಿನದ ಚಿತ್ರವೂ ಮಾಯ. ಜೂನ್‌ನಿಂದ ಅಕ್ಟೋಬರ್‌ವರೆಗೆ ಅದನ್ನು ಪೂರ್ತಿ ಏರಿಸಿಟ್ಟು ಒಂದೊಂದೇ ಚಿತ್ರ ತೆರೆದು ನೋಡುವುದೇ ದಾರಿ. ಮೋಡದ ನೆರಳು ಇನ್ನೂ ತಂಟೆ: ಅದು ಬಿದ್ದ ಕಡೆ ಅಂಕಿ ಸುಮ್ಮನೆ ಏರುಪೇರಾಗುತ್ತದೆ. ಹಾಗಾಗಿ ಎನ್‌ಡಿವಿಐ ತೆರೆಯುವ ಮುಂಚೆ ಸಹಜ ಬಣ್ಣದ ಚಿತ್ರ ನೋಡುವುದನ್ನು ಬಿಡಬೇಡಿ.

ಅದಕ್ಕಿಂತ ದೊಡ್ಡ ಮೋಸ ಹಸಿರಿನದೇ. ಬಳ್ಳಾರಿ ಜಾಲಿ, ಬಂದ್ರೆ, ತಂಗಡಿ, ಲಂಟಾನ ಎಲ್ಲವೂ ಈ ಚಿತ್ರದಲ್ಲಿ ಸೊಗಸಾದ ಮೇವು! ಕುರಿ ಬಾಯಿ ಹಾಕದ ಗಿಡಕ್ಕೂ ಗರಿಕೆಗೂ ಉಪಗ್ರಹಕ್ಕೆ ಭೇದ ತಿಳಿಯದು. ಇದಕ್ಕೊಂದು ಉಪಾಯ ಉಂಟು. ಮುಂಗಾರು ಪೂರ್ವದ ಮಳೆ ಬೀಳುವ ಮೊದಲು, ಅಂದರೆ ಫೆಬ್ರವರಿ–ಮಾರ್ಚ್ ಚಿತ್ರ ತೆಗೆಯಿರಿ. ಕೆರೆ ಅಂಗಳ, ತೊರೆಯಂಚು ಬಿಟ್ಟರೆ ಆಗಲೂ ಹಸಿರಾಗಿರುವುದು ಹೆಚ್ಚಾಗಿ ಹುಲ್ಲಲ್ಲ, ಗಿಡ. ಆ ಜಾಗಗಳನ್ನು ಗೆರೆ ಹಾಕಿ ಲೆಕ್ಕದಿಂದ ಹೊರಗಿಡಿ. ಜಾಲಿ ಹಬ್ಬಿದ ಕಾವಲಿನಲ್ಲಿ ಹೀಗೆ ಮಾಡದೆ ತೆಗೆದ ಸರಾಸರಿಗೆ ಅರ್ಥವಿಲ್ಲ.

ಇದರ ಇನ್ನೊಂದು ಮುಖ ಒಣಹುಲ್ಲು. ಜನವರಿಯಲ್ಲಿ ಮೊಣಕಾಲೆತ್ತರ ನಿಂತ ಕರಡಕ್ಕೂ ಬರೀ ಕೆಮ್ಮಣ್ಣಿಗೂ ಎನ್‌ಡಿವಿಐಯಲ್ಲಿ ಹೆಚ್ಚು ವ್ಯತ್ಯಾಸ ಕಾಣದು. ಬ್ರೌಸರ್‌ನ ಕಸ್ಟಮ್ ವಿಭಾಗದಲ್ಲಿ (ಬಿ11 − ಬಿ12) ÷ (ಬಿ11 + ಬಿ12) ಎಂಬ ಸೂತ್ರ ಹಾಕಿದರೆ ಒಣಹುಲ್ಲು ಮಣ್ಣಿನಿಂದ ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಆದರೆ ಈ ಎರಡು ಅವಕೆಂಪು ಪಟ್ಟಿಗಳ ಚುಕ್ಕಿ 20 ಮೀಟರಿನದು, ಅಂದರೆ ನಾಲ್ಕು ಗುಂಟೆ. ನೆಲ ಒದ್ದೆಯಾಗಿದ್ದರೆ ಇದೂ ಹಳಿ ತಪ್ಪುತ್ತದೆ.

ಇನ್ನು ತೂಕದ ಮಾತು. 6 ಮಿ.ಮೀ. ಸರಳಿನಲ್ಲಿ 50 ಸೆಂ.ಮೀ. ಚೌಕ ಮಾಡಿಸಿ. ಉಪಗ್ರಹ ಹಾದ ಎರಡು ಮೂರು ದಿನದೊಳಗೆ ದಟ್ಟ, ಮಧ್ಯಮ, ತೆಳು ಹುಲ್ಲಿನ ಹತ್ತಾರು ಕಡೆ ಚೌಕವಿಟ್ಟು, ಎರಡು ಮೂರು ಸೆಂ.ಮೀ. ಬುಡ ಬಿಟ್ಟು ಕೊಯ್ಯಿರಿ. ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುವುದರಿಂದ, ಸುತ್ತ ಮೂವತ್ತು ಮೀಟರ್ ಒಂದೇ ತರ ಹುಲ್ಲಿರುವ ಜಾಗವನ್ನೇ ಆರಿಸಬೇಕು. ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಬಂದ ಗ್ರಾಂ ಅನ್ನು 16ರಿಂದ ಗುಣಿಸಿದರೆ ಎಕರೆಗೆ ಎಷ್ಟು ಕಿಲೋ ಒಣಮೇವು ಎಂದು ಸಿಗುತ್ತದೆ. ಆಯಾ ಜಾಗದ ಎನ್‌ಡಿವಿಐ ಒಂದು ಕಡೆ, ಈ ತೂಕ ಇನ್ನೊಂದು ಕಡೆ ಇಟ್ಟು, ಎನ್‌ಡಿವಿಐಯಿಂದ ತೂಕ ಅಂದಾಜಿಸುವ ಗೆರೆಯನ್ನು ಎಕ್ಸೆಲ್‌ನಲ್ಲಿ ಎಳೆಯಿರಿ. ಆ ಗೆರೆ ಹಸಿ ಹುಲ್ಲಿನ ಕಾಲಕ್ಕೆ ಮಾತ್ರ ಸಲ್ಲುತ್ತದೆ. ಎರೆ ಭೂಮಿಗೂ ಕೆಂಪು ಮಣ್ಣಿಗೂ ಗೆರೆ ಬೇರೆ ಬೇರೆ, ಏಕೆಂದರೆ ಹುಲ್ಲು ತೆಳುವಾಗಿದ್ದಾಗ ಕಪ್ಪು ನೆಲ ಅಂಕಿಯನ್ನು ಮೇಲಕ್ಕೆ ತಳ್ಳುತ್ತದೆ.

ಉದಾಹರಣೆಗೆ ಚೌಕಕ್ಕೆ ಸರಾಸರಿ 20 ಗ್ರಾಂ ಬಂದರೆ ಎಕರೆಗೆ 320 ಕಿಲೋ, ನೂರೆಕರೆಗೆ 32,000. ಬೇರು ಉಳಿಯಲು, ಮಣ್ಣು ಕೊಚ್ಚಿಹೋಗದಿರಲು ಅರ್ಧ ಬಿಡಬೇಕು. ಉಳಿದ 16,000 ಕಿಲೋ, ದಿನಕ್ಕೆ ತಲಾ ಒಂದು ಕಿಲೋದಂತೆ (30 ಕಿಲೋ ತೂಗುವ ಕುರಿಗೆ ಮೈತೂಕದ ಶೇ. 3ರ ಲೆಕ್ಕ) 200 ಕುರಿಗೆ 80 ದಿನ.

ಚಿತ್ರ ಇಳಿಸಿಕೊಂಡು ತಾವೇ ಲೆಕ್ಕ ಹಾಕುವವರಿಗೆ ಒಂದು ಎಚ್ಚರಿಕೆ: 2022ರ ಜನವರಿ 25ರಿಂದ ಮೂಲ ಫೈಲಿನ ಅಂಕಿಗಳಿಗೆ 1000 ಸೇರಿಸಿ ಕೊಡುತ್ತಿದ್ದಾರೆ. ಅದನ್ನು ಕಳೆಯದಿದ್ದರೆ ಆ ವರ್ಷದಿಂದ ಹುಲ್ಲೇ ಕಡಿಮೆಯಾದಂತೆ ಕಾಣುತ್ತದೆ. ಬ್ರೌಸರ್ ಒಳಗೇ ನೋಡುವವರಿಗೆ ಈ ತಲೆನೋವಿಲ್ಲ.

ಕೊರತೆಗಳೂ ಇವೆ. ಕನ್ನಡವಿಲ್ಲ, ಮೊಬೈಲಿನಲ್ಲಿ ಗೆರೆ ಎಳೆಯುವುದು ಹಿಂಸೆ, ಲ್ಯಾಪ್‌ಟಾಪ್ ಇದ್ದರೇ ಸರಿ. ನಿಮ್ಮ ಗೆರೆಯೊಳಗಿನ ಎನ್‌ಡಿವಿಐ ದಿನದಿನಕ್ಕೆ ಹೇಗೆ ಬದಲಾಯಿತು ಎಂದು ತೋರಿಸುವ ಗ್ರಾಫ್ ಮಾತ್ರ ಬಹಳ ಉಪಯುಕ್ತ. ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸಿಎಸ್‌ವಿ ಫೈಲ್ ಆಗಿಯೂ ಅದನ್ನು ಇಳಿಸಿಕೊಳ್ಳಬಹುದು. ನ್ಯೂಜಿಲೆಂಡಿನ ರೈತರು ಹುಲ್ಲಿನ ಮೇಲೆ ಊರಿ ಅದರ ಎತ್ತರ ಅಳೆಯುವ ತಟ್ಟೆ ಮೀಟರನ್ನು ಇದರ ಬದಲಿಗೆ ತರಿಸುವ ಯೋಚನೆ ಬೇಡ, ಅದರ ಸೂತ್ರ ಅಲ್ಲಿನ ರೈಗ್ರಾಸ್‌ಗೆ ಹೊಂದಿಸಿದ್ದು. ನಮ್ಮ ಗುಂಪುಗುಂಪಾಗಿ ಬೆಳೆಯುವ ಹುಲ್ಲಿಗೆ ತಾಳೆಯಾಗದು. ಎರಡು ಎಕರೆ ನೇಪಿಯರ್ ಇರುವವರಿಗೆ ಈ ಸೇವೆಯೇ ಬೇಡ: ಅಷ್ಟು ದಟ್ಟ ಹಸಿರಿನಲ್ಲಿ ಎನ್‌ಡಿವಿಐ ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತದೆ, ಆಮೇಲೆ ಬೆಳೆ ಆಳೆತ್ತರವಾದರೂ ಅಂಕಿ ಕದಲುವುದಿಲ್ಲ.