ಸಂಜೆಯ ಲೋಟಕ್ಕೆ ಯಾವುದು? ಮೂರು ಹಣ್ಣಿನ ಟೀ ಕುಡಿದು ನೋಡಿದೆ

ಸಂಜೆ ಐದಕ್ಕೆ ಟೀ ಕುಡಿದರೆ ಅಮ್ಮನಿಗೆ ರಾತ್ರಿ ಒಂದರವರೆಗೂ ನಿದ್ದೆ ಸುಳಿಯುವುದಿಲ್ಲ. ಬಿಡು ಅಂದರೆ ಮುಖ ಸಣ್ಣದು ಮಾಡುತ್ತಾಳೆ. ಕೊತ್ತಂಬರಿ-ಜೀರಿಗೆ ಕಷಾಯ ಅವಳ ಲೆಕ್ಕದಲ್ಲಿ ಬೆಳಗಿನದು. ಕೆಫೀನ್ ಇರಬಾರದು, ಬಿಸಿ ಇರಬೇಕು, ಕುಡಿದ ಮೇಲೆ ಬಾಯಿಗೆ ಏನೋ ಸಿಕ್ಕಿತು ಅನ್ನಿಸಬೇಕು. ಅಂಥದ್ದನ್ನು ಹುಡುಕುತ್ತಿದ್ದಾಗಲೇ ಜರ್ಮನಿಯಲ್ಲಿರುವ ತಂಗಿ ರಜೆಗೆ ಬಂದವಳು ಹಣ್ಣಿನ ಟೀಯ ಒಂದು ಪೊಟ್ಟಣ ತಂದಳು. ಬ್ಯಾಗಿನದಲ್ಲ, ಬಿಡಿಯಾಗಿ ಸಿಗುವಂಥದ್ದು. ಅಲ್ಲಿ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಕುಡಿಯುತ್ತಾರಂತೆ. ಟೀ ಅನ್ನುವುದು ರೂಢಿಗೆ ಬಂದ ಹೆಸರಷ್ಟೇ, ಚಹಾ ಗಿಡದ ಎಲೆ ಇದರಲ್ಲಿ ಒಂದೂ ಇಲ್ಲ.

ಅದಕ್ಕೆ ಎದುರಾಳಿಯಾಗಿ ಬೆಂಗಳೂರಿನ ಅಂಗಡಿಯಲ್ಲಿ ಸೇಬು-ದಾಲ್ಚಿನ್ನಿ ಮಿಶ್ರಣ ಕೊಂಡೆ, 100 ಗ್ರಾಂಗೆ 600 ರೂಪಾಯಿ. ಮೂರನೆಯದು ನಮ್ಮೂರಿನಿಂದಲೇ ಬಂದಿತ್ತು: ಒಣಗಿಸಿದ ಮುರುಗಲ ಸಿಪ್ಪೆ. ಮಂಗಳೂರಿನ ಕಡೆಯವರು ಪುನರ್ಪುಳಿ ಅನ್ನುವುದು ಇದನ್ನೇ.

ಕುದಿಸುವ ಮೊದಲು ತಂಗಿ ತಂದ ಸ್ಟ್ರಾಬೆರಿ ಟೀಯನ್ನು ಒಂದು ಚಮಚ ಬಿಳಿ ತಟ್ಟೆಗೆ ಸುರಿದು, ಚಿಮುಟದಲ್ಲಿ ಬೇರೆ ಬೇರೆ ಮಾಡಿದೆ. ಅರ್ಧಕ್ಕೂ ಹೆಚ್ಚು ಗಾಢ ಕೆಂಪು ಚೂರುಗಳು, ಒಣಮೆಣಸಿನ ಸಿಪ್ಪೆಯಂತೆ ಮುರುಟಿಕೊಂಡವು. ಆಮೇಲೆ ಸಕ್ಕರೆ ಹರಳಿನ ಗಾತ್ರದಿಂದ ಕಡಲೆ ಗಾತ್ರದವರೆಗಿನ ಸೇಬಿನ ತುಂಡುಗಳು. ಕಾಡುಗುಲಾಬಿ ಕಾಯಿಯ ಕಿತ್ತಳೆ ಬಣ್ಣದ ಸಿಪ್ಪೆ ಸ್ವಲ್ಪ. ಸ್ಟ್ರಾಬೆರಿ ಎಷ್ಟಿತ್ತು? ಕಾಗದದಷ್ಟು ತೆಳುವಾದ ಒಂದೇ ಬಿಲ್ಲೆ. ಪೊಟ್ಟಣ ತೆರೆದಾಗ ಕೋಣೆ ತುಂಬಿದ ಸ್ಟ್ರಾಬೆರಿ ಪರಿಮಳ ಆ ಬಿಲ್ಲೆಯದಲ್ಲ, ಮೇಲೆ ಸೇರಿಸಿದ ಸುವಾಸನೆಯದು. ಪದಾರ್ಥಗಳ ಪಟ್ಟಿಯ ಕೊನೆಯಲ್ಲಿ ಅದನ್ನು ಬರೆದೂ ಇದ್ದಾರೆ, ಸಣ್ಣಕ್ಷರದಲ್ಲಿ.

ಆ ಕೆಂಪು ಚೂರುಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಪೊಟ್ಟಣದ ಮೇಲೆ ಹೈಬಿಸ್ಕಸ್ ಅಂತ ಇರುವುದರಿಂದ ನಮ್ಮಲ್ಲಿ ಬಹಳ ಜನ ಅಂಗಳದ ದಾಸವಾಳದ ಎಸಳು ಅಂದುಕೊಳ್ಳುತ್ತಾರೆ. ಅದಲ್ಲ. ಇದು ಹೈಬಿಸ್ಕಸ್ ಸಬ್ದರಿಫಾ, ಉತ್ತರ ಕರ್ನಾಟಕದ ಪುಂಡಿಪಲ್ಯದ ಬಳಗದ ಗಿಡ. ಹೂ ಉದುರಿದ ಮೇಲೆ ಕಾಯಿಯನ್ನು ಸುತ್ತಿಕೊಂಡು ದಪ್ಪಗೆ, ರಸಭರಿತವಾಗಿ ಬೆಳೆಯುವ ಹೊರದಳವನ್ನು ಒಣಗಿಸಿರುತ್ತಾರೆ. ಈಜಿಪ್ಟಿನಲ್ಲಿ ಇದನ್ನೇ ಕರ್ಕದೆ ಅಂತ ಬಿಸಿಯಾಗಿಯೂ ತಣ್ಣಗೂ ಕುಡಿಯುತ್ತಾರೆ. ಅಂಗಡಿಯ ಹಣ್ಣಿನ ಟೀಗಳಲ್ಲಿ ಹೆಸರು ಸ್ಟ್ರಾಬೆರಿಯದಿರಲಿ, ಪೀಚಿನದಿರಲಿ, ಬಣ್ಣ ಕೆಂಪಗೆ ರುಚಿ ಹುಳಿಹುಳಿಯಾಗಿದ್ದರೆ ಅದು ಬಹುಪಾಲು ಇದರ ಕೆಲಸ.

ಮೂರನ್ನೂ ಒಂದೇ ಅಳತೆಯಲ್ಲಿ ಮಾಡಿದೆ. 3 ಗ್ರಾಂ, ಕುದಿ ಬಂದ ನೀರು 200 ಮಿಲಿ, ಮುಚ್ಚಳ ಮುಚ್ಚಿ 8 ನಿಮಿಷ. ಚಹಾ ಎಲೆಯಾದರೆ ಇಷ್ಟು ಹೊತ್ತಿಗೆ ಒಗರಾಗಿ ಕುಡಿಯಲಾರದಂತಾಗುತ್ತದೆ. ಇವುಗಳಿಗೆ ಕುದಿನೀರೂ ಬೇಕು, ಸಮಯವೂ ಬೇಕು. ಹಾಲು ಮಾತ್ರ ಯಾವುದಕ್ಕೂ ಹಾಕುವ ಹಾಗಿಲ್ಲ, ಹುಳಿಗೆ ಒಡೆದುಹೋಗುತ್ತದೆ.

ಸ್ಟ್ರಾಬೆರಿಯದು ಅರ್ಧ ನಿಮಿಷಕ್ಕೇ ಮಾಣಿಕ್ಯದ ಬಣ್ಣಕ್ಕೆ ತಿರುಗಿತು. ಮೊದಲ ಗುಟುಕು ನಿಜಕ್ಕೂ ಚೆನ್ನಾಗಿದೆ, ಹಬೆಯ ಜೊತೆಗೇ ಹಣ್ಣಿನ ಘಮ ಮೂಗಿಗೇರುತ್ತದೆ. ಲೋಟ ಅರ್ಧಕ್ಕೆ ಬರುವ ಹೊತ್ತಿಗೆ ಬಿಸಿ ಇಳಿದು ಪರಿಮಳವೂ ಇಳಿಯಿತು. ಉಳಿದದ್ದು ನಾಲಿಗೆಯ ಎರಡು ಬದಿ ಚುಚ್ಚುವ ಬರೀ ಹುಳಿ. ಜೇನು ಹಾಕಿದರೆ ಸಿಹಿ ಬಂತು, ಹಣ್ಣು ವಾಪಸು ಬರಲಿಲ್ಲ. ಮಾರನೆಯ ದಿನ ಎರಡು ಪಟ್ಟು ಹಾಕಿ ಗಟ್ಟಿಯಾಗಿ ಮಾಡಿ, ಸಕ್ಕರೆ ಕರಗಿಸಿ, ಫ್ರಿಜ್ಜಿನಲ್ಲಿಟ್ಟು ಐಸ್ ಹಾಕಿ ಕುಡಿದೆ. ಆಗ ಅದರ ಮುಂದೆ ಉಳಿದೆರಡೂ ನಿಲ್ಲಲಿಲ್ಲ. ಬೇಸಿಗೆಗೆ ಇದನ್ನು ಕಣ್ಣು ಮುಚ್ಚಿ ಹೇಳುತ್ತೇನೆ.

ಸೇಬು-ದಾಲ್ಚಿನ್ನಿಯದು ನಿಧಾನದ್ದು. 3 ನಿಮಿಷಕ್ಕೆ ಬಿಸಿನೀರಿಗೆ ಚಕ್ಕೆ ಅದ್ದಿದಂತಿತ್ತು. 8 ನಿಮಿಷಕ್ಕೂ ಅಷ್ಟಕ್ಕಷ್ಟೆ. 12 ನಿಮಿಷ ಬಿಟ್ಟಾಗ ಸೇಬಿನ ಸಿಹಿ ಬಿಟ್ಟುಕೊಂಡು ನೀರು ಸ್ವಲ್ಪ ಮಂದವಾಯಿತು, ಹುಳಿ ಹಿತಮಿತವಾಗಿ ಬಂತು. ಆದರೆ ಅಷ್ಟರಲ್ಲಿ ಚಕ್ಕೆಯ ಖಾರ ಎಲ್ಲವನ್ನೂ ಮೀರಿಸಿತ್ತು. ಕೆಟ್ಟದ್ದಲ್ಲ, ಆದರೆ ಕೊಟ್ಟ 600 ರೂಪಾಯಿಗೆ ಸಾಲದು.

ಮುರುಗಲ ಸಿಪ್ಪೆಗೆ ಮೊದಲ ದಿನ ನಾನೇ ಅನ್ಯಾಯ ಮಾಡಿದೆ. ಡಬ್ಬಿಯಲ್ಲಿದ್ದದ್ದು ಸಾರಿಗೆ ಹಾಕಲು ಉಪ್ಪು ಸವರಿ ಒಣಗಿಸಿದ ಸಿಪ್ಪೆ, ಟೀ ಉಪ್ಪುಪ್ಪಾಗಿ ಚೆಲ್ಲಬೇಕಾಯಿತು. ಉಪ್ಪಿಲ್ಲದ್ದನ್ನು ಊರಿಂದ ತರಿಸಿದೆ. ಏಪ್ರಿಲ್-ಮೇನಲ್ಲಿ ಹಣ್ಣಾಗುವ ಮುರುಗಲನ್ನು ಬಿಡಿಸಿ, ಬೀಜ ತೆಗೆದು, ಸಿಪ್ಪೆಯನ್ನು ಅದರದೇ ರಸದಲ್ಲಿ ಮತ್ತೆ ಮತ್ತೆ ಅದ್ದಿ ಬಿಸಿಲಿಗೆ ಹಾಕುತ್ತಾರೆ. ಬೀಜವೂ ದಂಡವಾಗುವುದಿಲ್ಲ, ಅದರಿಂದ ತೆಗೆದ ತುಪ್ಪವನ್ನು ಒಡೆದ ಹಿಮ್ಮಡಿಗೆ ಹಚ್ಚುತ್ತಾರೆ. ಒಣಸಿಪ್ಪೆ ಚಕ್ಕಳದ ಹಾಗೆ ಗಟ್ಟಿ. ಇಡಿಯಾಗಿ ಹಾಕಿದರೆ 8 ನಿಮಿಷ ಏನೂ ಸಾಲದು. ಕತ್ತರಿಯಲ್ಲಿ ಬೆರಳುಗುರಿನಷ್ಟು ಚೂರು ಮಾಡಿ ಹಾಕಿದೆ. ಬಣ್ಣ ಕೆಂಪಿಗಿಂತ ನೇರಳೆಯ ಕಡೆಗೆ ವಾಲಿದ್ದು. ಪರಿಮಳ ಬಹಳ ಕಡಿಮೆ, ಒಣದ್ರಾಕ್ಷಿ ಡಬ್ಬಿ ತೆರೆದಷ್ಟು. ಈ ಒಂದು ವಿಷಯದಲ್ಲಿ ಅದು ಸೋತಿತು. ಆದರೆ ಹುಳಿ ಚುಚ್ಚುವುದಿಲ್ಲ, ನಾಲಿಗೆಯ ನಡುವೆ ಹರಡಿ, ಹಿಂದೆ ಸಣ್ಣ ಒಗರು ಬಿಟ್ಟು ಹೋಗುತ್ತದೆ. ಚೂರು ಬೆಲ್ಲ ಬಿದ್ದರೆ ಆ ಒಗರೇ ಹಣ್ಣಿನ ರುಚಿಯಾಗುತ್ತದೆ. ಆರಿದ ಮೇಲೂ ಕೊನೆಯ ಗುಟುಕು ಮೊದಲಿನದರ ಹಾಗೇ ಇತ್ತು.

ಯಾವುದು ಯಾವುದೆಂದು ಹೇಳದೆ ಮೂರೂ ಲೋಟ ಅಮ್ಮನ ಮುಂದಿಟ್ಟೆ. ಮೂಸಿ ನೋಡಿದ ತಕ್ಷಣ ಸ್ಟ್ರಾಬೆರಿಯದನ್ನು ಎತ್ತಿಕೊಂಡಳು, "ಇದು ಲಾಯ್ಕಿದ್ದು" ಅಂದಳು. ಟಿವಿ ನೋಡುತ್ತಾ ಅರ್ಧ ಗಂಟೆಯಾದ ಮೇಲೆ ಲೋಟ ಎತ್ತಲು ಹೋದರೆ ಅದರಲ್ಲಿ ಅರ್ಧ ಉಳಿದಿತ್ತು. ಸೇಬಿನದು ಕಾಲು ಉಳಿದಿತ್ತು. ಮುರುಗಲದ್ದು ತಳದ ಚೂರುಗಳವರೆಗೆ ಖಾಲಿ.

ಹುಳಿತೇಗು, ಎದೆಯುರಿ ಇರುವವರಿಗೆ ಈ ಮೂರರಲ್ಲಿ ಯಾವುದೂ ಖಾಲಿ ಹೊಟ್ಟೆಗೆ ಬೇಡ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಹೈಬಿಸ್ಕಸ್ ಇರುವ ಟೀಯನ್ನು ದಿನಾ ಕುಡಿಯುವುದಾದರೆ ವೈದ್ಯರನ್ನು ಒಂದು ಮಾತು ಕೇಳಿ, ಅದಕ್ಕೆ ರಕ್ತದೊತ್ತಡ ಸ್ವಲ್ಪ ಇಳಿಸುವ ಗುಣವಿದೆ.

ಈಗ ನಮ್ಮ ಡಬ್ಬಿಯಲ್ಲಿರುವುದು ಕತ್ತರಿಸಿದ ಮುರುಗಲ ಸಿಪ್ಪೆ ಎರಡು ಪಾಲು, ಮನೆಯಲ್ಲೇ ಒಣಗಿಸಿದ ಸೇಬಿನ ಚೂರು ಒಂದು ಪಾಲು. ಪರಿಮಳದ ಕೊರತೆಗೆ ಲೋಟಕ್ಕೊಂದು ಏಲಕ್ಕಿ ಜಜ್ಜಿ ಹಾಕುತ್ತೇನೆ. 10 ನಿಮಿಷ ಮುಚ್ಚಿಟ್ಟು ಸೋಸಬೇಕು. ಮೆತ್ತಗಾದ ಸೇಬಿನ ಚೂರುಗಳನ್ನು ಅಮ್ಮ ಚಮಚದಲ್ಲಿ ತೆಗೆದು ತಿನ್ನುತ್ತಾಳೆ.