ಸಂಸತ್ತಿನ ಸಾರ್ವಜನಿಕ ಸೇವೆ: ದಾಖಲೆಗೆ ಒಳ್ಳೆಯ ಅಂಕ, ಅಹವಾಲು ಕೇಳುವುದಕ್ಕೆ ಕಡಿಮೆ ಅಂಕ

ಭಾರತದ ಸಂಸತ್ತನ್ನು ಒಂದು ಸೇವೆಯೆಂದು ಭಾವಿಸಿ ವಿಮರ್ಶೆ ಬರೆಯುವುದು ಕೆಲವರಿಗೆ ಉದ್ಧಟತನವೆನಿಸಬಹುದು. ಆದರೆ ಕಲಾಪದ ನೇರಪ್ರಸಾರ, ಸಂಸದ್ ಡಾಟ್ ಇನ್ ಜಾಲತಾಣ, ಡಿಜಿಟಲ್ ಗ್ರಂಥಾಲಯ, ಅರ್ಜಿಗಳ ಸಮಿತಿ, ಪ್ರೇಕ್ಷಕರ ಗ್ಯಾಲರಿ ಇವೆಲ್ಲವೂ ನಮ್ಮ ತೆರಿಗೆಯ ಹಣದಲ್ಲಿ, ನಮ್ಮ ಬಳಕೆಗೆಂದೇ ನಡೆಯುತ್ತಿರುವ ಸೌಲಭ್ಯಗಳು. ಇವುಗಳಲ್ಲಿ ಯಾವುದು ಸಾಮಾನ್ಯ ನಾಗರಿಕನ ಕೆಲಸಕ್ಕೆ ಬರುತ್ತದೆ, ಯಾವುದು ಹೆಸರಿಗಷ್ಟೇ ಇದೆ ಎಂದು ಅಳೆದು ನೋಡುವುದರಲ್ಲಿ ತಪ್ಪೇನೂ ಇಲ್ಲ.

ಹೆಚ್ಚಿನವರಿಗೆ ಸಂಸತ್ತಿನ ಪರಿಚಯ ಆಗುವುದು ಟಿ.ವಿ.ಯ ಮೂಲಕ. 1989ರ ಡಿಸೆಂಬರ್ 20ರಂದು ರಾಷ್ಟ್ರಪತಿಗಳ ಭಾಷಣದ ನೇರಪ್ರಸಾರದಿಂದ ಆರಂಭವಾದ ಈ ವ್ಯವಸ್ಥೆಯಲ್ಲಿ 2006ರಲ್ಲಿ ಲೋಕಸಭಾ ಟಿವಿಯೂ 2011ರಲ್ಲಿ ರಾಜ್ಯಸಭಾ ಟಿವಿಯೂ ಬಂದವು. 2021ರಲ್ಲಿ ಎರಡೂ ವಿಲೀನಗೊಂಡು ಸಂಸದ್ ಟಿವಿ ಆಯಿತು. ಕಲಾಪವನ್ನು ಯಾರ ವ್ಯಾಖ್ಯಾನವೂ ಇಲ್ಲದೆ ಮೊದಲಿನಿಂದ ಕೊನೆಯವರೆಗೆ ನೋಡಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಆದರೆ ಕ್ಯಾಮೆರಾ ಸದನದ್ದೇ ಎಂಬುದನ್ನು ಮರೆಯಬಾರದು. ಗದ್ದಲವೆದ್ದಾಗ ಅದು ಸಾಮಾನ್ಯವಾಗಿ ಸದನ ನಡೆಸುವವರ ಪೀಠದತ್ತ ತಿರುಗಿ ನಿಲ್ಲುತ್ತದೆ. ಪ್ರೇಕ್ಷಕನಿಗೆ ಕೂಗು ಕೇಳಿಸುತ್ತದೆಯೇ ಹೊರತು ಕೂಗುತ್ತಿರುವವರು ಯಾರು, ಏಕೆ ಎಂಬುದು ತಿಳಿಯುವುದಿಲ್ಲ. ಸಮಯ ಕಡಿಮೆಯಿರುವವರು ಸಂಜೆಯ ಭಾಷಣಗಳನ್ನು ಬಿಟ್ಟು ಪ್ರಶ್ನೋತ್ತರ ವೇಳೆಯನ್ನಷ್ಟೇ ನೋಡಿದರೆ ಸಾಕು. ಅದು ಲೋಕಸಭೆಯಲ್ಲಿ ಬೆಳಿಗ್ಗೆ 11ಕ್ಕೆ, ರಾಜ್ಯಸಭೆಯಲ್ಲಿ ಮಧ್ಯಾಹ್ನ 12ಕ್ಕೆ ಆರಂಭವಾಗುತ್ತದೆ.

ಇಡೀ ವ್ಯವಸ್ಥೆಯ ನಿಜವಾದ ಬೆಲೆ ಇರುವುದು ಈ ಪ್ರಶ್ನೆಗಳಲ್ಲಿಯೇ. ಲೋಕಸಭೆಯಲ್ಲಿ ದಿನವೊಂದಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು ಪಟ್ಟಿಯಾಗುತ್ತವೆ. ಇವಕ್ಕೆ ಸಚಿವರು ಎದ್ದುನಿಂತು ಉತ್ತರಿಸಬೇಕು, ಸದಸ್ಯರು ಉಪಪ್ರಶ್ನೆ ಕೇಳಬಹುದು. ಒಂದು ಗಂಟೆಯಲ್ಲಿ ಮೌಖಿಕ ಉತ್ತರದ ಭಾಗ್ಯ ಇವುಗಳಲ್ಲಿ ಕೆಲವಕ್ಕೆ ಮಾತ್ರ. ಇದರ ಜೊತೆಗೆ ಚುಕ್ಕೆ ಗುರುತಿಲ್ಲದ 230 ಪ್ರಶ್ನೆಗಳವರೆಗೆ ಲಿಖಿತ ಉತ್ತರ ಬರುತ್ತದೆ. ಪತ್ರಿಕೆಗಳು ಹೆಚ್ಚು ಗಮನಿಸದ ಈ ಲಿಖಿತ ಉತ್ತರಗಳೇ ನನ್ನ ದೃಷ್ಟಿಯಲ್ಲಿ ಸಂಸತ್ತು ನಾಗರಿಕನಿಗೆ ಕೊಡುವ ಅತ್ಯುತ್ತಮ ವಸ್ತು. ರೈಲು ಮಾರ್ಗಗಳ ಕಾಮಗಾರಿ, ಖಾಲಿ ಹುದ್ದೆಗಳು, ಅನುದಾನದ ಬಿಡುಗಡೆ ಮುಂತಾದ ವಿಷಯಗಳಲ್ಲಿ ರಾಜ್ಯವಾರು, ಕೆಲವೊಮ್ಮೆ ಜಿಲ್ಲಾವಾರು ಕೋಷ್ಟಕಗಳು ಅನುಬಂಧದ ರೂಪದಲ್ಲಿ ಸಿಗುತ್ತವೆ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಕಾಯಬೇಕಾದ ಅಂಕಿಅಂಶ ಎಷ್ಟೋ ಸಲ ಆಗಲೇ ಇಲ್ಲಿ ಪ್ರಕಟವಾಗಿರುತ್ತದೆ.

ಈ ಉತ್ತರಗಳನ್ನು ಓದುವುದಕ್ಕೂ ಒಂದು ಅಭ್ಯಾಸ ಬೇಕು. ಪ್ರಶ್ನೆಯನ್ನು ಎ, ಬಿ, ಸಿ, ಡಿ ಎಂದು ಬಿಡಿಸಿ ಕೇಳಿರುತ್ತಾರೆ. ಉತ್ತರ ಮಾತ್ರ ಅನೇಕ ವೇಳೆ ‘ಎ ಇಂದ ಡಿ ವರೆಗೆ’ ಎಂದು ಒಂದೇ ಕಂತೆಯಾಗಿ ಬರುತ್ತದೆ. ಹಾಗೆ ಬಂದಾಗ ಮೊದಲು ಯೋಜನೆಯ ಧ್ಯೇಯೋದ್ದೇಶಗಳ ವರ್ಣನೆ, ಆಮೇಲೆ ಹಂಚಿಕೆಯಾದ ಹಣದ ವಿವರ ಇರುತ್ತದೆ. ಕೇಳಿದ ನಾಲ್ಕರಲ್ಲಿ ಇಕ್ಕಟ್ಟಿನ ಪ್ರಶ್ನೆ ಯಾವುದೋ ಅದು ಈ ಸಾಲುಗಳ ನಡುವೆ ಕಾಣೆಯಾಗಿರುತ್ತದೆ. ‘ಅಂತಹ ಮಾಹಿತಿಯನ್ನು ನಿರ್ವಹಿಸಲಾಗುತ್ತಿಲ್ಲ’ ಎಂಬುದು ಇನ್ನೊಂದು ಬಗೆಯ ಉತ್ತರ. ಆದರೆ ಮಾಹಿತಿ ಇಲ್ಲವೆಂದು ಸರ್ಕಾರ ಬರವಣಿಗೆಯಲ್ಲಿ ಒಪ್ಪಿಕೊಳ್ಳುವುದೂ ಒಂದು ಮಾಹಿತಿಯೇ. 2020ರ ಸೆಪ್ಟೆಂಬರ್‌ನಲ್ಲಿ, ಲಾಕ್‌ಡೌನ್ ಅವಧಿಯಲ್ಲಿ ಮೃತಪಟ್ಟ ವಲಸೆ ಕಾರ್ಮಿಕರ ಲೆಕ್ಕ ತನ್ನ ಬಳಿ ಇಲ್ಲವೆಂದು ಕಾರ್ಮಿಕ ಸಚಿವಾಲಯ ಕೊಟ್ಟ ಉತ್ತರ ದೇಶದಾದ್ಯಂತ ಚರ್ಚೆಯಾಯಿತು. ಕೋವಿಡ್ ಕಾರಣದಿಂದ ಆ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಡಲಾಗಿತ್ತು. ಲಿಖಿತ ಪ್ರಶ್ನೆಯ ಬಾಗಿಲು ತೆರೆದಿದ್ದರಿಂದ ಅಷ್ಟಾದರೂ ಹೊರಬಂತು, ಆದರೆ ಉಪಪ್ರಶ್ನೆ ಕೇಳಿ ಸಚಿವರನ್ನು ನಿಲ್ಲಿಸಿಕೊಳ್ಳುವ ಅವಕಾಶ ಯಾರಿಗೂ ಇರಲಿಲ್ಲ.

ಸರ್ಕಾರಿ ಭರವಸೆಗಳ ಸಮಿತಿಯ ವಿಷಯ ಹಲವರಿಗೆ ಗೊತ್ತೇ ಇರುವುದಿಲ್ಲ. ಸಚಿವರು ಸದನದಲ್ಲಿ ‘ವಿಷಯ ಪರಿಶೀಲನೆಯಲ್ಲಿದೆ’, ‘ನೋಡುತ್ತೇನೆ’, ‘ಮಾಹಿತಿ ಸಂಗ್ರಹಿಸಿ ಸದನದ ಮುಂದಿಡಲಾಗುವುದು’ ಎಂದರೆ ನಾವು ಜಾರಿಕೆಯ ಉತ್ತರವೆಂದು ನಕ್ಕು ಸುಮ್ಮನಾಗುತ್ತೇವೆ. ಸಂಸತ್ತು ಹಾಗೆ ಸುಮ್ಮನಾಗುವುದಿಲ್ಲ. ಇಂತಹ ಮಾತುಗಳ ಒಂದು ಪಟ್ಟಿಯನ್ನೇ ಇಟ್ಟುಕೊಂಡು, ಆಡಿದ ಮಾತನ್ನು ಭರವಸೆಯೆಂದು ದಾಖಲಿಸಿಕೊಂಡು, ಮೂರು ತಿಂಗಳೊಳಗೆ ಈಡೇರಿಸಬೇಕೆಂದು ಸಚಿವಾಲಯದ ಬೆನ್ನು ಹತ್ತುತ್ತದೆ. ಗಡುವು ಮೀರಿ ವರ್ಷಗಟ್ಟಲೆ ಉಳಿದುಹೋಗುವ ಭರವಸೆಗಳೂ ಇವೆ. ಅವುಗಳ ವಿವರ ಸಮಿತಿಯ ವರದಿಗಳಲ್ಲಿಯೇ ಸಿಗುತ್ತದೆ. ಸ್ಥಳೀಯ ಬೇಡಿಕೆಯೊಂದರ ಹಿಂದೆ ಬಿದ್ದಿರುವ ಸಂಘಟನೆಗಳಿಗೆ ಈ ವರದಿಗಳಂತಹ ಸಾಧನ ಇನ್ನೊಂದಿಲ್ಲ.

ಅಂಕ ಕಡಿಮೆಯಾಗುವುದು ಜನರ ಮಾತು ಒಳಗೆ ಹೋಗಬೇಕಾದಲ್ಲಿ. ಲೋಕಸಭೆಗೆ ಅರ್ಜಿ ಸಲ್ಲಿಸುವ ಹಕ್ಕು ಇದೆ, ಒಬ್ಬನೇ ವ್ಯಕ್ತಿಯೂ ಸಲ್ಲಿಸಬಹುದು. ಆದರೆ ಸದಸ್ಯರೊಬ್ಬರ ಮೂಲಕ ಸದನದಲ್ಲಿ ಮಂಡನೆಯಾಗಬೇಕಾದರೆ ಅದಕ್ಕೆ ಅವರ ಮೇಲುಸಹಿ ಬೇಕು. ಬ್ರಿಟನ್ನಿನಲ್ಲಿ ಆನ್‌ಲೈನ್ ಅರ್ಜಿಗೆ 10,000 ಸಹಿ ಬಿದ್ದರೆ ಸರ್ಕಾರ ಉತ್ತರ ಕೊಡುತ್ತದೆ, 1,00,000 ಸಹಿಯಾದರೆ ಚರ್ಚೆಗೆ ಪರಿಗಣಿಸಲಾಗುತ್ತದೆ. ನಮ್ಮಲ್ಲಿ ಇಂಥದ್ದೊಂದು ಮಿತಿಯೂ ಇಲ್ಲ, ಅದನ್ನು ದಾಟಿದವರಿಗೆ ಸಿಗುವ ಖಾತರಿಯೂ ಇಲ್ಲ. ಹಾಗೆಂದು ಅರ್ಜಿಗಳ ಸಮಿತಿಯನ್ನು ತಳ್ಳಿಹಾಕುವಂತಿಲ್ಲ. ಮಾಜಿ ಸೈನಿಕರ ‘ಒಂದು ಶ್ರೇಣಿ ಒಂದು ಪಿಂಚಣಿ’ ಬೇಡಿಕೆಯನ್ನು ರಾಜ್ಯಸಭೆಯ ಅರ್ಜಿಗಳ ಸಮಿತಿ ಪರಿಶೀಲಿಸಿ 2011ರಲ್ಲಿ ಬೆಂಬಲಿಸಿದ್ದು ಆ ಹೋರಾಟಕ್ಕೆ ದೊಡ್ಡ ಬಲ ನೀಡಿತು.

ಮಸೂದೆಗಳ ಬಗ್ಗೆ ಅಭಿಪ್ರಾಯ ತಿಳಿಸಲು ನಾಗರಿಕರಿಗಿರುವ ಮುಖ್ಯ ದಾರಿ ಸಂಸದೀಯ ಸಮಿತಿಗಳು. ಇಲಾಖೆಗಳಿಗೆ ಸಂಬಂಧಿಸಿದ 24 ಸ್ಥಾಯಿ ಸಮಿತಿಗಳಲ್ಲಿ ತಲಾ 31 ಸದಸ್ಯರಿರುತ್ತಾರೆ; ಸಮಿತಿಯ ಮುಂದೆ ಮಸೂದೆ ಇದ್ದಾಗ ಜಾಹೀರಾತು ಕೊಟ್ಟು ಸಾರ್ವಜನಿಕರಿಂದ ಸಲಹೆ ಕೇಳುವ ಪದ್ಧತಿಯಿದೆ. ಸಮಿತಿಗೆ ಹೋಗದ ಮಸೂದೆಗೆ ಈ ಅವಕಾಶವೇ ಇಲ್ಲ. ಶಾಸನಸಭೆಗಳ ಕೆಲಸವನ್ನು ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆಯ ಲೆಕ್ಕದ ಪ್ರಕಾರ 15ನೇ ಲೋಕಸಭೆಯಲ್ಲಿ (2009–14) ಶೇ 71ರಷ್ಟು ಮಸೂದೆಗಳು ಸಮಿತಿಗಳಿಗೆ ಹೋಗಿದ್ದರೆ, 17ನೇ ಲೋಕಸಭೆಯಲ್ಲಿ (2019–24) ಆ ಪ್ರಮಾಣ ಶೇ 16ಕ್ಕೆ ಇಳಿದಿತ್ತು. ಜೊತೆಗೆ ಸಮಿತಿಗಳ ಸಭೆಗಳು ಮುಚ್ಚಿದ ಬಾಗಿಲ ಹಿಂದೆಯೇ ನಡೆಯುತ್ತವೆ. ಪಕ್ಷಭೇದ ಮರೆತು ಕೆಲಸವಾಗುವುದು ಅದರಿಂದಲೇ ಎನ್ನುವವರ ವಾದದಲ್ಲಿ ಹುರುಳಿದೆ, ಆದರೂ ತಜ್ಞರ ಹೇಳಿಕೆಗಳನ್ನಾದರೂ ನೇರವಾಗಿ ಪ್ರಸಾರ ಮಾಡಬಹುದಿತ್ತು.

ನಮ್ಮ ಸಂಸದರು ಯಾವ ಮಸೂದೆಗೆ ಹೇಗೆ ಮತ ಹಾಕಿದರು ಎಂದು ಹುಡುಕಹೊರಟರೆ ಬಹಳಷ್ಟು ಸಲ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲಿ, ಅಂದರೆ ‘ಹೌದು’, ‘ಇಲ್ಲ’ ಎಂಬ ಕೂಗಿನ ಮೇಲೆಯೇ ಅಂಗೀಕಾರವಾಗುತ್ತವೆ. ಒಬ್ಬೊಬ್ಬರ ಮತವನ್ನೂ ಎಣಿಸುವ ಮತವಿಭಜನೆ ನಡೆದರೆ ಮಾತ್ರ ಹೆಸರುಗಳು ದಾಖಲಾಗುತ್ತವೆ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳು ಅಂಗೀಕಾರವಾದದ್ದೂ ವಿರೋಧ ಪಕ್ಷಗಳು ಮತವಿಭಜನೆಗೆ ಪಟ್ಟು ಹಿಡಿದಿದ್ದ ಗದ್ದಲದ ನಡುವೆ, ಧ್ವನಿಮತದಲ್ಲಿಯೇ.

ಪ್ರೇಕ್ಷಕರ ಗ್ಯಾಲರಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಂಸದರ ಶಿಫಾರಸಿನ ಪಾಸ್ ಬೇಕು. 2023ರ ಡಿಸೆಂಬರ್ 13ರಂದು ಇಬ್ಬರು ಗ್ಯಾಲರಿಯಿಂದ ಲೋಕಸಭೆಯೊಳಕ್ಕೆ ಜಿಗಿದ ಭದ್ರತಾ ಲೋಪದ ಬಳಿಕ ತಪಾಸಣೆ ಬಿಗಿಯಾಗಿದೆ.

ಕನ್ನಡಿಗರ ಮಟ್ಟಿಗೆ ಭಾಷೆಯ ತೊಡಕು ಬೇರೆಯೇ ಇದೆ. 1967ರಲ್ಲಿ ಶಿವಮೊಗ್ಗದಿಂದ ಗೆದ್ದುಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿ ದಾರಿ ತೋರಿಸಿದರು, ಇಂದು ಸದನದೊಳಗೆ ಕನ್ನಡಕ್ಕೂ ಏಕಕಾಲದ ಭಾಷಾಂತರ ವ್ಯವಸ್ಥೆಯಿದೆ. ಆದರೆ ಮೇಲೆ ಹೊಗಳಿದ ಲಿಖಿತ ಉತ್ತರಗಳು ಪ್ರಕಟವಾಗುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ. ಲೋಕಸಭೆಗೆ ಕನ್ನಡದಲ್ಲಿ ಅರ್ಜಿ ಬರೆದರೂ, ಅರ್ಜಿದಾರನೇ ಸಹಿ ಮಾಡಿದ ಹಿಂದಿ ಅಥವಾ ಇಂಗ್ಲಿಷ್ ಅನುವಾದವನ್ನು ಲಗತ್ತಿಸಬೇಕು. ಭಾಷಾಂತರದ ಹೊರೆಯನ್ನು ಸೇವೆ ಕೊಡುವವರು ಹೊರಬೇಕೇ, ಪಡೆಯುವವರು ಹೊರಬೇಕೇ?

ಒಟ್ಟು ಐದಕ್ಕೆ ಮೂರು ಅಂಕ ಕೊಡುತ್ತೇನೆ. ಆ ಮೂರರಲ್ಲಿ ಎರಡು ಲಿಖಿತ ಉತ್ತರಗಳಿಗೆ ಸಲ್ಲಬೇಕು. ಇದನ್ನು ಬಳಸಿ ನೋಡಬೇಕೆನ್ನುವವರು ಮೊದಲು ತಮ್ಮ ವಿಷಯದ ಮೇಲೆ ಈಗಾಗಲೇ ಉತ್ತರ ಬಂದಿದೆಯೇ ಎಂದು ಜಾಲತಾಣದಲ್ಲಿ ಹುಡುಕಲಿ. ಬಂದಿರದಿದ್ದರೆ, ಒಂದೇ ಸಚಿವಾಲಯಕ್ಕೆ ಸೇರಿದ, 150 ಪದ ಮೀರದ, ಅಂಕಿಅಂಶವನ್ನಷ್ಟೇ ಕೇಳುವ ಪ್ರಶ್ನೆಯೊಂದನ್ನು ಬರೆದು ತಮ್ಮ ಸಂಸದರ ಕಚೇರಿಗೆ ತಲುಪಿಸಲಿ. ಪ್ರಶ್ನೆಗೆ ಸಾಮಾನ್ಯವಾಗಿ 15 ಪೂರ್ಣ ದಿನಗಳ ಮುಂಗಡ ಸೂಚನೆ ಬೇಕಾಗುವುದರಿಂದ, ಅಧಿವೇಶನ ಆರಂಭವಾಗುವವರೆಗೆ ಕಾಯದೆ ದಿನಾಂಕ ಪ್ರಕಟವಾದ ಕೂಡಲೇ ಕೊಡುವುದು ಒಳ್ಳೆಯದು.